ಚುಕ್ಕಿ ದಂಡೆ: ಒಂದು ಹೋಮ್ಸ್ ಕಥೆಯನ್ನು ಕಿವಿಯಿಂದ ಮತ್ತೆ ಓದಿದ್ದು

ಅಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ ವಾರ ಅದು. ಓದೋ ಹಾಗಿಲ್ಲ, ಟೀವಿ ನೋಡೋ ಹಾಗಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು ಸುಮ್ನೆ ಕೂತಿರಬೇಕು. ಸದಾ ಕೈಯಲ್ಲೊಂದು ಪುಸ್ತಕ ಹಿಡಿದಿರುತ್ತಿದ್ದವಳಿಗೆ ಅದು ದೊಡ್ಡ ಶಿಕ್ಷೆ. "ರೇಡಿಯೊ ನಾಟಕ ಏನಾದರೂ ಹಾಕೇ" ಅಂದಳು. ನನ್ನ ಫೋನಿನಲ್ಲಿ ಇದ್ದದ್ದು ಇಂಗ್ಲಿಷಿನ ಷರ್ಲಾಕ್ ಹೋಮ್ಸ್ ನಾಟಕ ಒಂದೇ. ಸ್ವಲ್ಪ ಸ್ವಲ್ಪ ಕೇಳಿಸಿ, ನಿಲ್ಲಿಸಿ, ಕನ್ನಡದಲ್ಲಿ ಹೇಳುತ್ತಾ ಹೋದೆ. ಅರ್ಧ ಗಂಟೆಯ ನಾಟಕಕ್ಕೆ ಎರಡು ರಾತ್ರಿ ಹಿಡಿಯಿತು.

ಕಥೆ 'ದ ಅಡ್ವೆಂಚರ್ ಆಫ್ ದ ಸ್ಪೆಕಲ್ಡ್ ಬ್ಯಾಂಡ್'. ಆರ್ಥರ್ ಕಾನನ್ ಡಾಯ್ಲ್ ಇದನ್ನು 1892ರ ಫೆಬ್ರವರಿಯ 'ಸ್ಟ್ರ್ಯಾಂಡ್ ಮ್ಯಾಗಜೀನ್'ನಲ್ಲಿ ಪ್ರಕಟಿಸಿದ. 1927ರಲ್ಲಿ ತನ್ನ ಇಷ್ಟದ ಹೋಮ್ಸ್ ಕಥೆಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನ ಕೊಟ್ಟದ್ದೂ ಇದಕ್ಕೇ. ಕಾಲೇಜಿನ ದಿನಗಳಿಂದ ನಾನು ಇದನ್ನು ಐದಾರು ಸಲ ಓದಿದ್ದೇನೆ. ಆದರೂ ಆ ಎರಡು ರಾತ್ರಿ ಕೇಳಿದ್ದು ಬೇರೆಯೇ ಕಥೆ ಅನ್ನಿಸಿತು. ಯಾಕೆ ಹಾಗನ್ನಿಸಿತು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ. ಕಥೆಯ ಗುಟ್ಟು ಬಿಚ್ಚದೆ ಇದನ್ನು ಹೇಳಲಾಗುವುದಿಲ್ಲ. ಓದದವರು ಮೊದಲು ಕಥೆ ಓದಿ ಬನ್ನಿ, ಅಥವಾ ಕೇಳಿ ಬನ್ನಿ.

ಕಥೆ ನಡೆಯುವುದು 1883ರ ಏಪ್ರಿಲ್‌ನಲ್ಲಿ. ಬೆಳಗ್ಗೆ 7.15ಕ್ಕೆ ಹೆಲೆನ್ ಸ್ಟೋನರ್ ಎಂಬ ಹೆಂಗಸು ಪತ್ತೇದಾರ ಹೋಮ್ಸ್‌ನ ಬೇಕರ್ ಸ್ಟ್ರೀಟಿನ ಮನೆಗೆ ನಡುಗುತ್ತಾ ಬರುತ್ತಾಳೆ. ಚಳಿಯಿಂದ ನಡುಗುತ್ತಿಲ್ಲ, ಭಯದಿಂದ ಅನ್ನುತ್ತಾಳೆ. ಸರ್ರೆಯ ಸ್ಟೋಕ್ ಮೋರಾನ್‌ನಲ್ಲಿ ಹಳೆಯ, ಅರ್ಧ ಬಿದ್ದ ಬಂಗಲೆ. ಅಲ್ಲಿ ಅವಳ ಮಲತಂದೆ ಡಾಕ್ಟರ್ ಗ್ರಿಮ್ಸ್‌ಬಿ ರಾಯ್ಲಾಟ್. ಕಲ್ಕತ್ತೆಯಲ್ಲಿ ವೈದ್ಯನಾಗಿದ್ದವನು, ಮಹಾ ಸಿಟ್ಟಿನವನು. ತೀರಿಹೋದ ತಾಯಿಯ ಆಸ್ತಿಯಿಂದ ವರ್ಷಕ್ಕೆ ಬರುವುದು 750 ಪೌಂಡ್. ಹೆಣ್ಣುಮಕ್ಕಳು ಮದುವೆಯಾದರೆ ಒಬ್ಬೊಬ್ಬರಿಗೆ ಅದರಲ್ಲಿ 250 ಪೌಂಡ್ ಕೊಡಬೇಕು. ಎರಡು ವರ್ಷದ ಹಿಂದೆ ಹೆಲೆನ್‌ಳ ಅವಳಿ ಸೋದರಿ ಜೂಲಿಯಾ, ಮದುವೆಗೆ ಎರಡು ವಾರ ಇರುವಾಗ, ಬೀಗ ಹಾಕಿದ ಕೋಣೆಯಲ್ಲಿ ಮಲಗಿದ್ದವಳು, ಹೊರಗೆ ಓಡಿ ಬಂದು ಬಿದ್ದು ಸತ್ತಳು. ಈಗ ಹೆಲೆನ್‌ಗೂ ಮದುವೆ ಗೊತ್ತಾಗಿದೆ. ಗೋಡೆ ರಿಪೇರಿಯ ನೆಪದಲ್ಲಿ ಅವಳನ್ನು ಅದೇ ಕೋಣೆಗೆ, ಅದೇ ಮಂಚಕ್ಕೆ ಕಳಿಸಿದ್ದಾರೆ.

ಇಷ್ಟನ್ನು ಹೇಳಿ ಮುಗಿಸಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಅವಳಿಗೆ ಅವತ್ತು ರಾತ್ರಿ ಏನು ಕೇಳಿಸಿತಂತೆ?"

ಏನು ಕಂಡಿತು ಅಂತ ಅವಳು ಕೇಳಲಿಲ್ಲ. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಯಾಕೆಂದರೆ ಹೆಲೆನ್ ಕೊಡುವ ಸಾಕ್ಷ್ಯದಲ್ಲಿ ಮುಖ್ಯವಾದದ್ದೆಲ್ಲ ಕೇಳಿಸಿದ್ದೇ. ಸಾಯುವ ಮುಂಚಿನ ಕೆಲವು ರಾತ್ರಿ, ಸುಮಾರು ಮೂರು ಗಂಟೆಗೆ, ಜೂಲಿಯಾಗೆ ಒಂದು ಸಣ್ಣ ಸಿಳ್ಳೆ ಕೇಳಿಸುತ್ತಿತ್ತು. ಸತ್ತ ರಾತ್ರಿ ಹೊರಗೆ ಗಾಳಿ ಮಳೆ. ಮೊದಲು ಜೂಲಿಯಾಳ ಚೀರಾಟ, ಆಮೇಲೆ ಹೆಲೆನ್ ಬಾಗಿಲು ತೆಗೆಯುವಾಗ ಅದೇ ಸಿಳ್ಳೆ, ಅದರ ಹಿಂದೆಯೇ ಭಾರದ ಲೋಹ ಬಿದ್ದಂತೆ ಝಣ್ ಎಂಬ ಸದ್ದು. ಕೊನೆಗೆ ಸಾಯುವವಳ ಮಾತು: "ಅದು ಬ್ಯಾಂಡ್! ಚುಕ್ಕಿ ಚುಕ್ಕಿ ಬ್ಯಾಂಡ್!" ಚೀರಾಟ, ಸಿಳ್ಳೆ, ಲೋಹ, ಒಂದು ಮಾತು. ಹೋಮ್ಸ್‌ಗೆ ಸಿಕ್ಕ ಸುಳಿವಿನಲ್ಲಿ ಅರ್ಧಕ್ಕರ್ಧ ಇಷ್ಟೇ. ಪುಸ್ತಕದಲ್ಲಿ ಓದುವಾಗ ಇವು ಕಾಗದದ ಮೇಲಿನ ಪದಗಳಾಗಿ ಹಾದುಹೋಗುತ್ತವೆ. ರೇಡಿಯೊದಲ್ಲಿ ಇವೇ ವಸ್ತುಗಳು. ಕೈಯಲ್ಲಿ ಹಿಡಿದು ನೋಡಬಹುದಾದಷ್ಟು ಗಟ್ಟಿ.

ಈ ಕಥೆಯನ್ನು ಕಣ್ಣಿಗೆ ತೋರಿಸಲು ಹೋದಾಗ ಏನಾಯಿತು ಅನ್ನುವುದಕ್ಕೆ ಡಾಯ್ಲ್‌ನ ಅನುಭವವೇ ಇದೆ. 1910ರಲ್ಲಿ ಅವನು ಲಂಡನ್ನಿನ ಅಡೆಲ್ಫಿ ಥಿಯೇಟರನ್ನು ಬಾಡಿಗೆಗೆ ಹಿಡಿದಿದ್ದ. ಅಲ್ಲಿ ಆಡಿಸುತ್ತಿದ್ದ ಬಾಕ್ಸಿಂಗ್ ನಾಟಕಕ್ಕೆ ಜನ ಬರಲಿಲ್ಲ. ದುಡ್ಡು ಮುಳುಗುತ್ತಿತ್ತು. ಒಂದೇ ವಾರದಲ್ಲಿ ಕೂತು ಈ ಕಥೆಯನ್ನು ನಾಟಕ ಮಾಡಿದ. ಜೂನ್ 4ರಂದು ಪರದೆ ಎದ್ದಿತು, ನಾಟಕ ಗೆದ್ದಿತು, ಅವನ ನಷ್ಟ ತುಂಬಿತು. ಆದರೆ ಹಾವಿನದ್ದೇ ತೊಂದರೆ. ಜೂಲಿಯಾ ಹೇಳಿದ ಆ ಚುಕ್ಕಿ ಬ್ಯಾಂಡ್ ಒಂದು ವಿಷದ ಹಾವು, ಅದೇ ಕಥೆಯ ಗುಟ್ಟು. ಪ್ರೀತಿಯಿಂದ ನಿಜವಾದ ಹೆಬ್ಬಾವಿನ ಜಾತಿಯ ಹಾವನ್ನೇ ತರಿಸಿದ್ದ. ಒಬ್ಬ ವಿಮರ್ಶಕ ಮಾತ್ರ, ನೋಡಿದರೇ ಗೊತ್ತಾಗುವ ನಕಲಿ ಹಾವು ಅಂತ ಬರೆದ. ಹಾವುಗಳೋ, ಗೋಡೆಯ ತೂತಿನಿಂದ ಹಗ್ಗದ ಹಾಗೆ ಜೋತುಬಿದ್ದಿರುತ್ತಿದ್ದವು. ಇಲ್ಲವೇ ತಿರುಗಿ ಒಳಗೆ ಹೋಗಲು ನೋಡುತ್ತಿದ್ದವು, ಯಾಕೆಂದರೆ ಹಿಂದೆ ನಿಂತ ರಂಗದ ಬಡಗಿ ಅವನ್ನು ಓಡಾಡಿಸಲು ಬಾಲ ಚಿವುಟುತ್ತಿದ್ದ. ಕೊನೆಗೆ ನಕಲಿ ಹಾವೇ ವಾಸಿ ಅಂತ ಎಲ್ಲರೂ ಒಪ್ಪಿದರು. ಡಾಯ್ಲ್ ತನ್ನ ಆತ್ಮಕಥೆಯಲ್ಲಿ ಇದನ್ನೆಲ್ಲ ಬರೆದುಕೊಂಡಿದ್ದಾನೆ. ಓದಿದಾಗ ನನಗೆ ಆ ಹಾವುಗಳ ಮೇಲೂ ಮರುಕ ಬಂತು, ಅವನ ಮೇಲೂ ಬಂತು. ಅಷ್ಟು ಹೆದರಿಸುವ ಒಂದು ಜೀವ, ಬೆಳಕಿಗೆ ಬಂದ ತಕ್ಷಣ ಬರೀ ಹಗ್ಗವಾಯಿತು.

ಇಪ್ಪತ್ತು ವರ್ಷದ ನಂತರ ಹಾವು ಮತ್ತೆ ಕತ್ತಲೆಗೆ ಹೋಯಿತು. 1930ರ ಅಕ್ಟೋಬರ್ 20ರಂದು ಅಮೆರಿಕದ ಎನ್‌ಬಿಸಿ ರೇಡಿಯೊ ಹೋಮ್ಸ್ ಸರಣಿ ಶುರುಮಾಡಿತು. ಮೊದಲ ಕಂತಿಗೆ ಆರಿಸಿಕೊಂಡದ್ದು ಇದೇ ಕಥೆ. ಅದಕ್ಕೆ ಮೂರು ತಿಂಗಳ ಹಿಂದೆಯಷ್ಟೇ, ಜುಲೈ 7ರಂದು, ಡಾಯ್ಲ್ ತೀರಿಕೊಂಡಿದ್ದ. ಹೋಮ್ಸ್ ಪಾತ್ರಕ್ಕೆ ವಿಲಿಯಂ ಜಿಲೆಟ್. ರಂಗದ ಮೇಲೆ ಸಾವಿರಕ್ಕೂ ಹೆಚ್ಚು ಸಲ ಹೋಮ್ಸ್ ಆಗಿದ್ದ ನಟ, ಆಗ ಅವನಿಗೆ 77 ವರ್ಷ. 77ರ ಮುದುಕ ರಂಗದ ಮೇಲೆ ಬೆತ್ತ ಹಿಡಿದು ಹಾವಿಗೆ ಹೊಡೆದರೆ ಯಾರು ನಂಬುತ್ತಾರೆ? ರೇಡಿಯೊದಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ನಾಟಕ ಬರೆದದ್ದು ಈಡಿತ್ ಮೈಸರ್. ಹೋಮ್ಸ್‌ನನ್ನು ರೇಡಿಯೊಗೆ ತರಬೇಕು ಅಂತ ಹಟ ಹಿಡಿದು, ಪ್ರಾಯೋಜಕರನ್ನು ಹುಡುಕಿ, ಮುಂದೆ ವರ್ಷಗಟ್ಟಲೆ ಆ ಸರಣಿಗೆ ಬರೆದವಳು ಅವಳು. ದುಡ್ಡು ಕೊಟ್ಟದ್ದು ಒಂದು ಕಾಫಿ ಕಂಪನಿ. ಹೋಮ್ಸ್ ಅಂದ ಕೂಡಲೇ ನಾವು ನಟರ ಹೆಸರು ಹೇಳುತ್ತೇವೆ. ಈಡಿತ್ ಮೈಸರ್ ಹೆಸರನ್ನೂ ಹೇಳಬೇಕು ಅನ್ನುವುದು ನನ್ನ ಆಸೆ.

ಬ್ರಿಟನ್ನಿನಲ್ಲಿ 1945ರ ಮೇ 17ರಂದು ಬಿಬಿಸಿ ಇದೇ ಕಥೆಯನ್ನು ಪ್ರಸಾರ ಮಾಡಿತು. ಯುರೋಪಿನ ಯುದ್ಧ ಮುಗಿದು ಒಂಬತ್ತು ದಿನವಾಗಿತ್ತು. ಸೆಡ್ರಿಕ್ ಹಾರ್ಡ್‌ವಿಕ್ ಹೋಮ್ಸ್ ಆಗಿದ್ದ. ನಾಟಕ ಬರೆದವನು ಜಾನ್ ಡಿಕ್ಸನ್ ಕಾರ್. ಬೀಗ ಹಾಕಿದ ಕೋಣೆಯಲ್ಲಿ ಕೊಲೆ ಹೇಗಾಯಿತು ಅನ್ನುವ ಬಗೆಯ ಕಾದಂಬರಿಗಳಲ್ಲಿ ಅವನನ್ನು ಮೀರಿಸಿದವರಿಲ್ಲ. ಆಮೇಲೆ ಡಾಯ್ಲ್‌ನ ಜೀವನಚರಿತ್ರೆಯನ್ನೂ ಬರೆದ. ಮುಂದೆ ಬಿಬಿಸಿಯಲ್ಲೇ 1989ರಿಂದ 1998ರ ತನಕ ಕ್ಲೈವ್ ಮೆರಿಸನ್ ಹೋಮ್ಸ್ ಆಗಿ, ಮೈಕಲ್ ವಿಲಿಯಮ್ಸ್ ಹೋಮ್ಸ್‌ನ ಗೆಳೆಯ ವಾಟ್ಸನ್ ಆಗಿ, 4 ಕಾದಂಬರಿ ಮತ್ತು 56 ಕಥೆಗಳನ್ನೂ ಪೂರ್ತಿ ಮಾಡಿದರು. ಒಂದೇ ಜೋಡಿ ಅಷ್ಟನ್ನೂ ಮಾಡಿದ್ದು ಅದೇ ಮೊದಲು. ಆ ಸರಣಿಯ ಮುಖ್ಯ ಬರಹಗಾರ ಬರ್ಟ್ ಕೂಲ್ಸ್.

ಇತಿಹಾಸ ಇಷ್ಟು ಸಾಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಕಥೆಯೊಳಗಿನ ಎರಡು ಜಾಗ.

ಮೊದಲನೆಯದು ಗಂಟೆಯ ಹಗ್ಗ. ಆ ಕೋಣೆಯಲ್ಲಿ ಮಂಚದ ಪಕ್ಕ ಆಳುಗಳನ್ನು ಕರೆಯಲು ಒಂದು ಹಗ್ಗ ಜೋತುಬಿದ್ದಿದೆ. ತುದಿ ದಿಂಬಿನ ಮೇಲೇ ಬಿದ್ದಿರುತ್ತದೆ. ಹೋಮ್ಸ್ ಅದನ್ನು ಎಳೆಯುತ್ತಾನೆ. ಗಂಟೆ ಬಾರಿಸುವುದಿಲ್ಲ. ಹಗ್ಗ ಯಾವ ತಂತಿಗೂ ಸೇರಿಲ್ಲ, ಪಕ್ಕದ ಕೋಣೆಗೆ ತೆರೆದ ಸಣ್ಣ ಗಾಳಿಕಿಂಡಿಯ ಹತ್ತಿರ ಒಂದು ಕೊಕ್ಕೆಗೆ ಸಿಕ್ಕಿಸಿದೆ ಅಷ್ಟೆ. ಓದುವಾಗ ಇದೊಂದು ವಿವರ. ಕೇಳುವಾಗ ಕಥೆ ಇಲ್ಲಿ ತಿರುಗುತ್ತದೆ, ಮತ್ತು ಅದು ತಿರುಗುವುದು ಒಂದು ಸದ್ದು ಬಾರದೆ ಇರುವುದರಿಂದ. ಬಾರದ ಸದ್ದನ್ನು ರೇಡಿಯೊ ಹೇಗೆ ಕೇಳಿಸಬೇಕು? ಮೊದಲು ನಮ್ಮನ್ನು ಗಂಟೆಗಾಗಿ ಕಾಯಿಸಬೇಕು. ಹಗ್ಗದ ಕಿರ್ ಸದ್ದು ಬರಬೇಕು, ಒಂದು ಕ್ಷಣ ಬಿಡಬೇಕು, ಆಮೇಲಷ್ಟೇ ಹೋಮ್ಸ್ ಮಾತಾಡಬೇಕು. ಆ ಒಂದು ಕ್ಷಣ ಬಿಡದಿದ್ದರೆ ಸುಳಿವು ಕೈತಪ್ಪಿತು. ನಾನು ಅಲ್ಲಿ ನಿಲ್ಲಿಸಿ ವಿವರಿಸಲು ಹೊರಟಾಗ ಅಮ್ಮ ಕೈ ಎತ್ತಿದಳು. "ಗೊತ್ತಾಯ್ತು. ಹೊಡ್ಕೊಳ್ಳಲಿಲ್ಲ." ನಾಟಕದ ಭಾಷೆ ಅವಳಿಗೆ ಅರ್ಧ ಗೊತ್ತಾಗುತ್ತಿರಲಿಲ್ಲ. ಆ ಮೌನ ಮಾತ್ರ ಪೂರ್ತಿ ಗೊತ್ತಾಗಿತ್ತು.

ಎರಡನೆಯದು ರಾತ್ರಿಯ ಕಾವಲು. ಹೋಮ್ಸ್ ಮತ್ತು ವಾಟ್ಸನ್ ಆ ಕೋಣೆಯಲ್ಲಿ ದೀಪ ಆರಿಸಿ ಕೂರುತ್ತಾರೆ. ಹೋಮ್ಸ್ ಮಂಚದ ಮೇಲೆ, ಪಕ್ಕದಲ್ಲಿ ಬೆತ್ತ, ಬೆಂಕಿಪೊಟ್ಟಣ, ಮೋಟು ಮೇಣದಬತ್ತಿ. ವಾಟ್ಸನ್ ಕುರ್ಚಿಯಲ್ಲಿ, ಕೈಯಳತೆಯಲ್ಲಿ ಪಿಸ್ತೂಲು. ಚೂರು ಸದ್ದಾದರೂ ಎಲ್ಲ ಕೆಟ್ಟಿತು ಅಂತ ಹೋಮ್ಸ್ ಮೊದಲೇ ಹೇಳಿದ್ದಾನೆ. ಅಂದರೆ ನಾಟಕದ ಅತಿ ಮುಖ್ಯ ದೃಶ್ಯದಲ್ಲಿ ಇಬ್ಬರೂ ಮಾತಾಡುವ ಹಾಗಿಲ್ಲ! ಮಾತನ್ನೇ ನಂಬಿರುವ ಮಾಧ್ಯಮಕ್ಕೆ ಇದಕ್ಕಿಂತ ಕಷ್ಟದ ಜಾಗ ಬೇರೆ ಇರಲಾರದು. ರೇಡಿಯೊದಲ್ಲಿ ಕೆಲವು ಸೆಕೆಂಡು ಏನೂ ಕೇಳದಿದ್ದರೆ ಜನ ರೇಡಿಯೊ ಕೆಟ್ಟಿತು ಅಂದುಕೊಳ್ಳುತ್ತಾರೆ, ಅಲ್ವಾ?

ಡಾಯ್ಲ್ ಇಲ್ಲಿ ರೇಡಿಯೊ ಹುಟ್ಟುವ ಮೊದಲೇ ರೇಡಿಯೊಗೆ ಬರೆದಿಟ್ಟಿದ್ದಾನೆ ಅನ್ನಿಸುತ್ತದೆ. ದೂರದಲ್ಲಿ ಚರ್ಚಿನ ಗಡಿಯಾರ ಕಾಲು ಗಂಟೆಗೊಮ್ಮೆ ಹೊಡೆಯುತ್ತದೆ. ಹನ್ನೆರಡು, ಒಂದು, ಎರಡು, ಮೂರು. ಹೊರಗೆ ಯಾವುದೋ ರಾತ್ರಿ ಹಕ್ಕಿ. ಒಮ್ಮೆ ಕಿಟಕಿಯ ಹತ್ತಿರವೇ ಬೆಕ್ಕಿನಂಥ ಎಳೆದ ಕೂಗು, ಅದು ರಾಯ್ಲಾಟ್ ಸಾಕಿ ಅಂಗಳದಲ್ಲಿ ಬಿಟ್ಟ ಚೀತಾ. ಆಮೇಲೆ ಗಾಳಿಕಿಂಡಿಯಲ್ಲಿ ಒಂದು ಮಿಣುಕು ಬೆಳಕು, ಎಣ್ಣೆ ಸುಟ್ಟ ವಾಸನೆ. ಮತ್ತೆ ಅರ್ಧ ಗಂಟೆ ಏನೂ ಇಲ್ಲ. ಆಗ ಬರುತ್ತದೆ ಆ ಸದ್ದು. ಕೆಟಲ್‌ನಿಂದ ಸಣ್ಣಗೆ ಹಬೆ ಹೊರಡುವ ಹಾಗೆ, ಕೇಳಲು ಹಿತವಾದ ಮೆಲ್ಲನೆಯ ಸದ್ದು. ಹಿತವಾದದ್ದು ಅನ್ನುವುದೇ ಇಲ್ಲಿ ಭಯ. ಆ ಕ್ಷಣವೇ ಹೋಮ್ಸ್ ಕಡ್ಡಿ ಗೀರಿ ಹಗ್ಗಕ್ಕೆ ಬೆತ್ತದಿಂದ ಬಾರಿಸುತ್ತಾನೆ. "ಕಂಡಿತಾ ವಾಟ್ಸನ್? ಕಂಡಿತಾ?" ಅಂತ ಕೂಗುತ್ತಾನೆ.

ವಾಟ್ಸನ್‌ಗೆ ಏನೂ ಕಂಡಿರುವುದಿಲ್ಲ. ಥಟ್ಟನೆ ಬಂದ ಬೆಳಕು ಅವನ ಕಣ್ಣು ಕುಕ್ಕಿತ್ತು. ಅವನಿಗೆ ಕೇಳಿಸಿದ್ದು ಸಿಳ್ಳೆ ಮಾತ್ರ. ಇಷ್ಟು ಸಲ ಓದಿದ್ದರೂ ನನಗೆ ಈ ಸಾಲಿನ ಬೆಲೆ ಗೊತ್ತಾಗಿರಲಿಲ್ಲ. ಆ ಕೋಣೆಯಲ್ಲಿ ಇದ್ದವನಿಗೂ ನಮಗೂ ಏನೂ ವ್ಯತ್ಯಾಸ ಇಲ್ಲ. ಅವನೂ ಕುರುಡ, ನಾವೂ ಕುರುಡರು. ಸಿನಿಮಾ ಮಾಡುವವನು ಇಲ್ಲಿ ಹಾವನ್ನು ತೋರಿಸಲೇಬೇಕು, ಇಲ್ಲವೇ ಬಚ್ಚಿಡಲು ಕಷ್ಟಪಡಬೇಕು. ರೇಡಿಯೊಗೆ ಎರಡೂ ಬೇಡ. ಅಮ್ಮ ಕಪ್ಪು ಕನ್ನಡಕದ ಹಿಂದೆ ಕಣ್ಣು ಮುಚ್ಚಿ ಕೂತಿದ್ದಳು. ಹಬೆಯ ಸದ್ದು ಬಂದಾಗ ಎರಡೂ ಕಾಲು ಎತ್ತಿ ಮಂಚದ ಮೇಲೆ ಇಟ್ಟುಕೊಂಡಳು. ಮಲೆನಾಡಿನ ತೋಟದ ಮನೆಯಲ್ಲಿ ಬೆಳೆದವಳು. ಅವಳಿಗೆ ಯಾರೂ ಹೇಳಬೇಕಿರಲಿಲ್ಲ. "ಕೊಳಕುಮಂಡಲ" ಅಂದಳು. "ಕುಕ್ಕರ್ ಸೀಟಿ ಹೊಡೆಯೋಕೆ ಮುಂಚೆ ಬರುತ್ತಲ್ಲ, ಅದೇ ಸದ್ದು."

ಅಲ್ಲಿಂದ ಮುಂದೆ ಅವಳ ತಕರಾರು ಶುರುವಾಯಿತು. ಡಾಕ್ಟರನ ಕೋಣೆಯಲ್ಲಿ ಒಂದು ತಿಜೋರಿ, ಅದರ ಮೇಲೆ ಬಟ್ಟಲಲ್ಲಿ ಹಾಲು. ಹಾವನ್ನು ತಿಜೋರಿಯಲ್ಲಿಟ್ಟು, ಕಿಂಡಿಯಿಂದ ಹಗ್ಗದ ಮೇಲೆ ಇಳಿಸಿ, ಸಿಳ್ಳೆ ಹಾಕಿ ವಾಪಸ್ ಕರೆದು, ಹಾಲು ಕೊಡುತ್ತಿದ್ದ ಅನ್ನುತ್ತಾನೆ ಹೋಮ್ಸ್. "ಹಾವು ಎಲ್ಲಾದರೂ ಹಾಲು ಕುಡಿಯುತ್ತಾ? ನಾಗರ ಪಂಚಮಿಗೆ ನಾವು ಹುತ್ತಕ್ಕೆ ಎರೆಯೋದು ನಮ್ಮ ಸಮಾಧಾನಕ್ಕೆ ಕಣೇ." ಅವಳು ಹೇಳಿದ್ದು ಸರಿ. ಹಾವಿನ ಆಹಾರ ಇಲಿ, ಕಪ್ಪೆ, ಹಲ್ಲಿ. ಹಾಲು ಅದಕ್ಕೆ ಒಗ್ಗುವುದಿಲ್ಲ. ಸಿಳ್ಳೆಯದ್ದೂ ಹಾಗೇ. ಹಾವಿಗೆ ಹೊರಕಿವಿ ಇಲ್ಲ. ನೆಲದ ಅದುರು ಅದಕ್ಕೆ ಚೆನ್ನಾಗಿ ಗೊತ್ತಾಗುತ್ತದೆ, ಗಾಳಿಯಲ್ಲಿ ಬರುವ ತಗ್ಗಿನ ಸದ್ದು ಸ್ವಲ್ಪ ಕೇಳುತ್ತದೆ, ಸಿಳ್ಳೆಯಂಥ ಎತ್ತರದ ಸ್ವರ ಕೇಳುವುದು ಕಷ್ಟ. ಹೋಮ್ಸ್ ಹೇಳುವ 'ಸ್ವಾಂಪ್ ಆಡರ್' ಎಂಬ ಹಾವು ಭಾರತದಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿ ಜಾಸ್ತಿ ಜನರನ್ನು ಕೊಲ್ಲುವವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಡಾಯ್ಲ್‌ನ ಹಾವಿಗೆ ತಲೆ ಮಂಡಲದ್ದು, ಉಬ್ಬಿದ ಕತ್ತು ನಾಗರದ್ದು, ಮಲಗಿದವರನ್ನು ಗುರುತೇ ಸಿಗದಂತೆ ಕಚ್ಚುವ ರೀತಿ ಕಟ್ಟುಹಾವಿನದ್ದು. ಹತ್ತು ಸೆಕೆಂಡಿನಲ್ಲಿ ಕೊಲ್ಲುವ ವಿಷ ಮಾತ್ರ ಈ ಯಾವುದಕ್ಕೂ ಇಲ್ಲ. ರಾಯ್ಲಾಟ್ ಭಾರತದಿಂದ ತರಿಸಿದ ಬಬೂನ್ ಕೂಡ ನಮ್ಮ ದೇಶದ ಪ್ರಾಣಿ ಅಲ್ಲ.

ಇದರಿಂದ ಕಥೆ ಬಿದ್ದುಹೋಗುತ್ತಾ? ನನ್ನ ಮಟ್ಟಿಗೆ ಇಲ್ಲ. ಆದರೆ ರೇಡಿಯೊದಲ್ಲಿ ಒಂದು ವಿಚಿತ್ರ ನಡೆಯುತ್ತದೆ. ಹಾವಿನ ಬಣ್ಣ, ತಲೆ, ಕತ್ತಿನ ತಪ್ಪುಗಳು ಕಾಣುವುದೇ ಇಲ್ಲ, ಹಾಗಾಗಿ ಮಾಫಿ. ಸಿಳ್ಳೆಯ ತಪ್ಪು ಮಾತ್ರ ದೊಡ್ಡದಾಗುತ್ತದೆ, ಯಾಕೆಂದರೆ ನಾಟಕ ನಿಂತಿರುವುದೇ ಸಿಳ್ಳೆಯ ಮೇಲೆ.

ರೇಡಿಯೊ ಕಳೆದುಕೊಳ್ಳುವುದೂ ಇದೆ. ರಾಯ್ಲಾಟ್ ಬೇಕರ್ ಸ್ಟ್ರೀಟಿಗೆ ನುಗ್ಗಿ ಬೆಂಕಿ ಕೆದಕುವ ಕಬ್ಬಿಣದ ಸಲಾಕೆಯನ್ನು ಬಗ್ಗಿಸಿ ಎಸೆಯುತ್ತಾನೆ. ಅವನು ಹೋದ ಮೇಲೆ ಹೋಮ್ಸ್ ಅದನ್ನು ಮತ್ತೆ ನೇರ ಮಾಡುತ್ತಾನೆ. ಓದುವಾಗ ಎಷ್ಟು ಖುಷಿ ಕೊಡುವ ಸಾಲು! ರೇಡಿಯೊದಲ್ಲಿ ಯಾರಾದರೂ "ಅರೇ, ಸಲಾಕೆ ಬಗ್ಗಿಸಿಬಿಟ್ಟ" ಅಂತ ಹೇಳಲೇಬೇಕು. ಹೇಳಿದ ಕೂಡಲೇ ಅರ್ಧ ಮಜಾ ಹೋಯಿತು.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡಿತು. ರಾಯ್ಲಾಟ್ ಭಾರತ ಬಿಟ್ಟು ಬಂದದ್ದು ಯಾಕೆ? ಕಲ್ಕತ್ತೆಯ ಮನೆಯಲ್ಲಿ ಏನೋ ಕಳುವಾಯಿತು ಅಂತ ಸಿಟ್ಟಿನಲ್ಲಿ ತನ್ನ ಭಾರತೀಯ ಬಟ್ಲರನನ್ನು ಹೊಡೆದು ಕೊಂದ. ಗಲ್ಲು ತಪ್ಪಿತು, ಜೈಲಾಯಿತು, ಆಮೇಲೆ ಇಂಗ್ಲೆಂಡಿಗೆ ವಾಪಸ್. ಕಥೆಯಲ್ಲಿ ಇದಕ್ಕೆ ಒಂದೆರಡು ವಾಕ್ಯ. ಸತ್ತವನಿಗೆ ಹೆಸರಿಲ್ಲ. ಆದರೆ ಈ ಕಥೆಯ ಮೊದಲ ಕೊಲೆ ಅವನದೇ, ಜೂಲಿಯಾಳದ್ದಲ್ಲ. ಮಾತೇ ಆಡದವನು ರೇಡಿಯೊದಲ್ಲಿ ಇಲ್ಲದವನೇ ಆಗಿಬಿಡುತ್ತಾನೆ. ನಾಟಕ ಬರೆಯುವವರು ಯಾರಾದರೂ ಅವನಿಗೆ ಒಂದೇ ಒಂದು ಸಾಲು, ಒಂದು ಹೆಜ್ಜೆ ಸದ್ದು, ಒಂದು "ಸಾಹೇಬ್, ನಾನಲ್ಲ" ಕೊಟ್ಟರೆ ಚೆನ್ನಾಗಿರುತ್ತದೆ. ಅಮ್ಮ ಕೂಡ ಕೇಳಿದಳು, "ಆ ಬಟ್ಲರ್ ಹೆಸರೇನಂತೆ?" ಹೆಸರು ಕೊಟ್ಟಿಲ್ಲ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಇನ್ನು ಆ ಒಂದು ಪದ. ಕನ್ನಡದಲ್ಲಿ ಹೇಳುತ್ತಾ ಹೋದ ನನಗೆ ಮೊದಲ ರಾತ್ರಿಯೇ ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಇಂಗ್ಲಿಷಿನಲ್ಲಿ 'ಬ್ಯಾಂಡ್' ಅಂದರೆ ಪಟ್ಟಿಯೂ ಹೌದು, ಜನರ ಗುಂಪೂ ಹೌದು. ರಾಯ್ಲಾಟ್‌ನ ಜಮೀನಿನಲ್ಲಿ ಅಲೆಮಾರಿ ಜಿಪ್ಸಿಗಳು ಬಿಡಾರ ಹೂಡಿದ್ದಾರೆ, ಚುಕ್ಕಿಯ ಕರ್ಚೀಫು ಕಟ್ಟುತ್ತಾರೆ. ಹಾಗಾಗಿ ಹೆಲೆನ್ ಅವರನ್ನೇ ಅನುಮಾನಿಸುತ್ತಾಳೆ. ಹೋಮ್ಸ್ ಕೂಡ ಮೊದಲು ಅದೇ ದಾರಿ ಹಿಡಿದು ತಪ್ಪಿದ್ದೆ ಅಂತ ಕೊನೆಯಲ್ಲಿ ಒಪ್ಪಿಕೊಳ್ಳುತ್ತಾನೆ. ಇಡೀ ದಾರಿತಪ್ಪಿಸುವ ಆಟ ಒಂದು ಪದದ ಎರಡು ಅರ್ಥದ ಮೇಲೆ ನಿಂತಿದೆ. 'ಪಟ್ಟಿ' ಅಂದರೆ ಗುಂಪು ಹೋಯಿತು. 'ತಂಡ' ಅಂದರೆ ಹಾವು ಹೋಯಿತು. ಅವತ್ತು 'ಬ್ಯಾಂಡ್' ಅಂತಲೇ ಹೇಳಿ ದಾಟಿದ್ದೆ. ಅಮ್ಮ ಮದುವೆ ಮನೆಯ ವಾಲಗದವರನ್ನು ನೆನೆಸಿಕೊಂಡು ಗೊಂದಲಕ್ಕೆ ಬಿದ್ದಿದ್ದಳು.

ಎರಡನೇ ರಾತ್ರಿ ಕಥೆ ಮುಗಿಯಿತು. ಹೊಡೆತ ತಿಂದ ಹಾವು ಹಗ್ಗ ಹತ್ತಿ ಹಿಂದೆ ಹೋಗಿ ಡಾಕ್ಟರನನ್ನೇ ಕಚ್ಚಿದೆ. ಅವನು ಕುರ್ಚಿಯಲ್ಲಿ ಸತ್ತು ಕೂತಿದ್ದಾನೆ. ಹಣೆಯ ಸುತ್ತ ಕಂದು ಚುಕ್ಕಿಯ ಹಳದಿ ಪಟ್ಟಿ ಬಿಗಿದಿದೆ. "ಹಣೆಗೆ ಸುತ್ತಿಕೊಂಡಿತ್ತಾ? ದಂಡೆ ಮುಡಿಸಿದ ಹಾಗೆ?" ಅಂದಳು ಅಮ್ಮ. ಆಮೇಲೆ ತಾನೇ ಎದ್ದು ಕೂತಳು. "ದಂಡೆ! ನಿನ್ನ ಬ್ಯಾಂಡು ದಂಡೆ ಕಣೇ. ಮದುವೆಗೆ ಎರಡು ವಾರ ಇರೋ ಹುಡುಗಿ ದಂಡೆ ಅಂದ್ರೆ ಎಲ್ಲರೂ ಹೂವಿನ ದಂಡೆ ಅಂದ್ಕೋತಾರೆ. ಪಾಪ, ಮದುವೆ ಕನವರಿಕೆ ಅಂತಾರೆ."

ಜಿಪ್ಸಿಗಳು ಏನಾದರು ಅಂತ ಕೇಳಿದೆ. ಅವರನ್ನು ಬಿಟ್ಟರೆ ಡಾಯ್ಲ್‌ಗೆ ಅನ್ಯಾಯ, ಅಲ್ವಾ?

"ಅದೂ ಇದೆ. ಸಾಯೋಳು ಹೇಗೆ ಹೇಳ್ತಾಳೆ, ನೋಡು. ದೀಪ ಆರಿಸು."

ಆರಿಸಿದೆ. ಅಮ್ಮ ಉಸಿರು ಎಳೆದುಕೊಂಡು, ಗಂಟಲಿನ ಆಳದಿಂದ, ಕೊನೆಯ ಅಕ್ಷರ ನುಂಗಿಕೊಂಡು ಹೇಳಿದಳು: "ಚುಕ್ಕಿ... ಚುಕ್ಕಿ ದಂಡ್..."

ಪದ ಯಾವುದು ಅಂತ ನನಗೆ ಮೊದಲೇ ಗೊತ್ತಿತ್ತು. ಆದರೂ ಆ ಕತ್ತಲೆಯಲ್ಲಿ ನನಗೆ ಕೇಳಿಸಿದ್ದು ದಂಡು.